ರಸ್ತೆ ದಾಟಿದರೆ ಡಾಕ್ಟರು

ನನ್ನ ಬಾಯಿ ಒಳ್ಳೆಯದಲ್ಲ ಎಂದು ಪೊಂತಾ ಪೊರಾದಲ್ಲಿ ಎಲ್ಲರೂ ಹೇಳುತ್ತಾರೆ. ಹೇಳಲಿ ಬಿಡಿ. ಇಪ್ಪತ್ತಾರು ವರ್ಷದಿಂದ ಇದೇ ಬೀದಿಯ ಆರೋಗ್ಯ ಕೇಂದ್ರದಲ್ಲಿ ನೆಲ ಒರೆಸಿ, ಕಾಫಿ ಕಾಯಿಸಿ, ಸರತಿಯಲ್ಲಿ ಜಗಳವಾಡುವವರನ್ನು ಗದರಿಸಿ ಕೂರಿಸಿದವಳು ನಾನು, ಝುಲ್ಮಾ. ಮೆತ್ತಗೆ ಮಾತಾಡಿದ್ದರೆ ಎಂದೋ ನನ್ನನ್ನೇ ಒರೆಸಿಹಾಕಿ ಹೋಗುತ್ತಿದ್ದರು. ಈ ಇಪ್ಪತ್ತಾರು ವರ್ಷದಲ್ಲಿ ಹನ್ನೊಂದು ಮಂದಿ ಡಾಕ್ಟರರು ಬಂದರು, ಹೋದರು. ಒಬ್ಬರಿಗೂ ಬ್ರೆಜಿಲ್‌ನ ಅಂಚಿನ ಈ ಗಡಿಯೂರು ಹಿಡಿಸಲಿಲ್ಲ. ಒಂದು ವರ್ಷ, ಹೆಚ್ಚೆಂದರೆ ಎರಡು, ಅಷ್ಟೇ; ನಡುನಡುವೆ ತಿಂಗಳುಗಟ್ಟಲೆ ಕುರ್ಚಿ ಖಾಲಿ. ದೊಡ್ಡ ಊರಿಗೆ ವರ್ಗ ಮಾಡಿಸಿಕೊಂಡು ನಡೆದರು. ಬಂದವರಿಗೆಲ್ಲ ಕಾಫಿ ಕೊಟ್ಟವಳು ನಾನು. ಕೆಲಸ ಕಲಿಸಿದವಳು ಜುಸಾರಾ.

ಜುಸಾರಾ ಡಾಕ್ಟರಲ್ಲ, ನರ್ಸೂ ಅಲ್ಲ. ಟೆಕ್ನಿಷಿಯನ್. ಇಂಜೆಕ್ಷನ್ ಕೊಡುವುದು, ಗಾಯಕ್ಕೆ ಪಟ್ಟಿ ಕಟ್ಟುವುದು, ಬಿಪಿ ನೋಡಿ ಬರೆಯುವುದು, ಡಾಕ್ಟರಿಗೆ ಬೇಕಾದ್ದನ್ನು ತಟ್ಟೆಯಲ್ಲಿ ಜೋಡಿಸಿ ಹಿಡಿಯುವುದು ಅವಳ ಕೆಲಸ. ಕುಳ್ಳಿ, ಚುರುಕು. ಕೂದಲನ್ನು ಪಟ್ಟಿಬಟ್ಟೆಯ ತುಂಡಿನಿಂದಲೇ ಕಟ್ಟಿಕೊಳ್ಳುತ್ತಿದ್ದಳು. ಇಪ್ಪತ್ತೊಂದನೇ ವಯಸ್ಸಿಗೆ ಕೆಲಸಕ್ಕೆ ಸೇರಿದಾಗ ಅಂದಿನ ಹೆಡ್ ನರ್ಸು ಅವಳಿಗೆ ಒಂದು ಪಾಠ ಹೇಳಿಕೊಟ್ಟಿದ್ದಳು. ರೋಗಿಯನ್ನು ಅಣಿ ಮಾಡು, ತಟ್ಟೆ ಇಡು, ಎರಡು ಹೆಜ್ಜೆ ಹಿಂದೆ ಸರಿ, ಗೋಡೆಗೆ ಬೆನ್ನು ಕೊಟ್ಟು ನಿಲ್ಲು, ಡಾಕ್ಟರಿಗೆ ದಾರಿ ಬಿಡು. ಅವಳು ಹಾಗೆಯೇ ಮಾಡುತ್ತಿದ್ದಳು. ದಿನಕ್ಕೆ ನಲವತ್ತು ಸಲ.

ಆದರೆ ಆಗತಾನೇ ಕಾಲೇಜು ಮುಗಿಸಿ ಬಂದ ಡಾಕ್ಟರರು ಔಷಧಿ ಚೀಟಿ ಬರೆಯುವ ಮುಂಚೆ ತಲೆ ಎತ್ತಿ ಗೋಡೆಯ ಕಡೆ ನೋಡುತ್ತಿದ್ದರು. ಅವಳು ಕಂಡೂ ಕಾಣದ ಹಾಗೆ ತಲೆ ಆಡಿಸಿದರೆ ಬರೆಯುತ್ತಿದ್ದರು. ಹುಬ್ಬು ಗಂಟಿಕ್ಕಿದರೆ ಕೈ ನಿಲ್ಲಿಸಿ ಇನ್ನೊಂದು ಸಲ ಯೋಚಿಸುತ್ತಿದ್ದರು. ನಾನು ನೆಲ ಒರೆಸುತ್ತಾ ಎಲ್ಲ ನೋಡಿದವಳು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಹಾಗಾಗಿತ್ತು ಅವಳ ಕಥೆ.

ಒಂದು ಸಂಜೆ ಕೇಂದ್ರ ಮುಚ್ಚುವ ಹೊತ್ತಿಗೆ ಜುಸಾರಾ ಡಾಕ್ಟರ ಕೋಣೆಯ ಬಾಗಿಲಲ್ಲಿ ನಿಂತುಕೊಂಡು, "ಚಿಕ್ಕಮ್ಮ, ನಂಗೆ ಆ ಕುರ್ಚಿಯಲ್ಲಿ ಕೂರ್ಬೇಕು ಅನ್ಸುತ್ತೆ," ಎಂದಳು.

"ಕೂತ್ಕೊಳ್ಳೇ, ಈಗಷ್ಟೇ ಒರೆಸಿದ್ದೀನಿ," ಎಂದೆ.

"ಹಾಗಲ್ಲ. ಡಾಕ್ಟರಾಗಿ."

ನಗು ಬಂತು ನನಗೆ. ಅವಳ ಮುಖ ನೋಡಿ ನಗಲಿಲ್ಲ. ಹಸಿದ ಮಗು ಅಂಗಡಿಯ ಗಾಜಿನಾಚೆಯ ರೊಟ್ಟಿ ನೋಡುವ ಹಾಗೆ ನೋಡುತ್ತಿದ್ದಳು. ಆಗ ಅವಳಿಗೆ ಇಪ್ಪತ್ತೊಂಬತ್ತು.

ಅಲ್ಲಿಂದ ನಾಲ್ಕು ವರ್ಷ ನವೆಂಬರ್ ಬಂತೆಂದರೆ ಅವಳದ್ದು ಅದೇ ಪಾಡು. ಎರಡು ಭಾನುವಾರ ರಾಷ್ಟ್ರೀಯ ಪರೀಕ್ಷೆ. ನೂರಾ ಇಪ್ಪತ್ತು ಕಿಲೋಮೀಟರ್ ದೂರದ ದೊರಾದೋಸ್‌ನಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿದೆ, ಫೀಸಿಲ್ಲ. ಬೆರಳೆಣಿಕೆಯ ಸೀಟು, ಇಡೀ ದೇಶದ ಮಕ್ಕಳ ಕಣ್ಣು ಅದರ ಮೇಲೆ. ಬೆಳಗ್ಗಿಂದ ಸಂಜೆವರೆಗೆ ಟ್ಯೂಷನ್‌ನಲ್ಲೇ ಬೆಳೆದ ಹದಿನೆಂಟರ ಮಕ್ಕಳ ಜೊತೆ ಇವಳ ಪೈಪೋಟಿ. ಮೂರನೇ ವರ್ಷ ಏಳೇ ಏಳು ಅಂಕಕ್ಕೆ ತಪ್ಪಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ನಾಲ್ಕನೇ ವರ್ಷ ಮೂವತ್ತೊಂದಕ್ಕೆ ತಪ್ಪಿತು. ಫಲಿತಾಂಶ ಬಂದ ದಿನವೂ ಲಸಿಕೆ ಕೋಣೆಯಲ್ಲಿ ಮಕ್ಕಳಿಗೆ ಚುಚ್ಚುತ್ತಾ, ಅವು ಅಳದ ಹಾಗೆ ಹಾಡು ಹೇಳುತ್ತಿದ್ದಳು. ನನಗೇ ಅಳು ಬಂತು.

ಹೀಗಿರುವಾಗ ಕೇಂದ್ರದ ಹಿಂದಿನ ಮಾವಿನ ಮರದ ಕೆಳಗೆ ನಾವು ಪಂಚಾಯಿತಿ ಕೂತದ್ದು. ಬೆಳಗ್ಗೆ ಹತ್ತಕ್ಕೆ ತೆರೆರೆ ಕುಡಿಯುವ ಹೊತ್ತು. ಕೊಂಬಿನ ಲೋಟದಲ್ಲಿ ಮಾತೆ ಎಂಬ ಗಿಡದ ಒಣ ಸೊಪ್ಪು ತುಂಬಿ, ಐಸ್ ನೀರು ಹೊಯ್ದು, ಒಂದೇ ಕೊಳವೆಯಲ್ಲಿ ಒಬ್ಬರಾದ ಮೇಲೊಬ್ಬರು ಕುಡಿಯುವುದು. ಹೊಯ್ದು ಕೊಡುವವರು ಒಬ್ಬರೇ. ಕುಡಿದವರು ಸುಮ್ಮನೆ ಲೋಟ ವಾಪಸು ಕೊಡಬೇಕು. "ಥ್ಯಾಂಕ್ಸ್" ಅಂದರೆ ನನಗಿನ್ನು ಸಾಕು, ಮುಂದಿನ ಸುತ್ತಿಗೆ ನಾನಿಲ್ಲ ಎಂದರ್ಥ. ಅವತ್ತು ಜುಸಾರಾ ಹೊಯ್ಯುತ್ತಿದ್ದಳು. ಅವಳ ತಾಯಿ ದೋನಾ ಎರ್ಸೀಲಿಯಾ ಇನ್ಸುಲಿನ್‌ಗೆ ಬಂದವರು ಅಲ್ಲೇ ಕೂತಿದ್ದರು; ದೋನಾ ಅಂದರೆ ನಮ್ಮಲ್ಲಿ ಅಮ್ಮನವರು ಅಂದ ಹಾಗೆ. ಇನ್ನೊಬ್ಬ ನಮ್ಮ ಆಂಬುಲೆನ್ಸ್ ಡ್ರೈವರ್ ಅದೆಮೀರ್. ಜನ್ಮದಲ್ಲಿ ಒಮ್ಮೆಯೂ ಥ್ಯಾಂಕ್ಸ್ ಅಂದವನಲ್ಲ.

"ಐದನೇ ಸಲ ಬರೀಲಾ, ಇಲ್ಲಾ ಬೇರೆ ಕಡೆ ಹೋಗ್ಲಾ? ಇವತ್ತು ಒಂದು ತೀರ್ಮಾನ ಆಗ್ಬೇಕು," ಎಂದಳು ಜುಸಾರಾ.

"ಖಾಸಗಿ ಕಾಲೇಜಿಗೆ ಸೇರ್ಕೊ," ಎಂದ ಅದೆಮೀರ್.

"ಒಂದು ತಿಂಗಳ ಫೀಸಿಗೆ ನನ್ನ ಐದು ತಿಂಗಳ ಸಂಬಳ ಹೋಗುತ್ತೆ. ಮನೆ ಮಾರಿದ್ರೂ ಎರಡು ವರ್ಷ ಓದ್ಬಹುದು, ಅಷ್ಟೇ."

"ಆಮೇಲೆ ಮೂರನೇ ಒಂದು ಪಾಲು ಡಾಕ್ಟರಾಗಿ ರಸ್ತೆ ಮಧ್ಯೆ ಮಲಗ್ಬಹುದು," ಎಂದೆ ನಾನು.

"ಅರ್ಜೆಂಟೀನಾದಲ್ಲಿ ಫೀಸೇ ಇಲ್ವಂತಲ್ಲ! ನನ್ನ ಷಡ್ಡಕನ ಮಗ ಹೋಗಿದ್ದಾನೆ. ರಾಜನ ಹಾಗಿದ್ದಾನಂತೆ," ಎಂದ ಅದೆಮೀರ್.

"ದೂರದ ಬೆಟ್ಟ ನುಣ್ಣಗೆ ಕಣಯ್ಯ. ಫೀಸಿಲ್ಲ, ಬಾಡಿಗೆ? ಊಟ? ಇಲ್ಲಿ ದೋನಾ ಎರ್ಸೀಲಿಯಾಗೆ ದಿನಾ ಎರಡು ಹೊತ್ತು ಸೂಜಿ ಚುಚ್ಚೋರ್ಯಾರು, ನೀನಾ?"

"ಚುಚ್ತೀನಿ. ಸೀದಾ ಸ್ವರ್ಗಕ್ಕೇ ಹೋಗ್ತಾರೆ."

"ಬಾಯಿ ಮುಚ್ಚೋ, ದರಿದ್ರದವನೇ," ಎಂದು ದೋನಾ ಎರ್ಸೀಲಿಯಾ ಲೋಟ ಅವನ ಕೈಗೆ ಕೊಡದೆ ನನ್ನ ಕಡೆ ದಾಟಿಸಿದರು.

ಉಳಿದದ್ದು ಆಚೆ ಕಡೆ. ನಮ್ಮೂರಿನ ಮಧ್ಯೆ ಒಂದು ಅಗಲದ ರಸ್ತೆ. ಈ ಕಡೆ ಬ್ರೆಜಿಲ್, ಆ ಕಡೆ ಪರಗ್ವೆಯ ಪೆದ್ರೊ ಹುವಾನ್. ಮಧ್ಯೆ ಒಂದು ಹುಲ್ಲುಪಟ್ಟಿ. ಗೋಡೆಯಿಲ್ಲ, ಗೇಟಿಲ್ಲ. ಈರುಳ್ಳಿ ತರಲು ಪರದೇಶಕ್ಕೆ ಹೋಗಿ ಒಲೆ ಮೇಲಿನ ಎಣ್ಣೆ ಕಾಯುವಷ್ಟರಲ್ಲಿ ವಾಪಸಾಗುವ ಜನ ನಾವು. ಆಚೆ ಕಡೆ ಈಗ ಮೂಲೆಗೊಂದು ವೈದ್ಯಕೀಯ ಕಾಲೇಜು. ಟೈರ್ ಅಂಗಡಿಯ ಮಹಡಿ ಮೇಲೊಂದು, ಸೂಪರ್ ಮಾರ್ಕೆಟ್ಟಿನ ಹಿಂದೊಂದು. ಒಳ್ಳೆಯವೂ ಇವೆ, ಕೆಟ್ಟವೂ ಇವೆ. ಕಂಬಳಿ, ಸೆಂಟು ಮಾರುವವರ ಜೊತೆಗೇ ನಿಂತು "ಮೆಡಿಕಲ್! ಪ್ರವೇಶ ಪರೀಕ್ಷೆ ಇಲ್ಲ!" ಎಂದು ಕೂಗಿ ಚೀಟಿ ಹಂಚುವವರು ಬೇರೆ. ಫೀಸು ಇಲ್ಲಿಯ ಖಾಸಗಿ ಕಾಲೇಜಿನ ಏಳನೇ ಒಂದು ಪಾಲು.

"ಆಚೆ ಕಡೆ ಓದ್ಬಿಟ್ಟು ಡಾಕ್ಟರ್ ಅಂತ ಹೇಳ್ಕೋತೀಯಾ?" ಎಂದರು ದೋನಾ ಎರ್ಸೀಲಿಯಾ. "ಬಾಗಿಲು ತೆಗೆದಿಟ್ಟಿರೋ ಮನೆ ಅದು. ಯಾರು ಬೇಕಾದ್ರೂ ಒಳಗೆ ಹೋಗ್ಬಹುದು. ನಮ್ಮ ದೇಶದ ಸರ್ಕಾರಿ ಕಾಲೇಜು ಅಂದ್ರೆ ಅದರ ಗತ್ತೇ ಬೇರೆ. ಇನ್ನೊಂದು ಸಲ ಬರಿ ಮಗಳೇ."

"ಆಚೆ ಓದಿದ್ರೆ ಇಲ್ಲಿಗೆ ಬಂದು ರೆವಾಲಿದಾ ಪಾಸಾಗ್ಬೇಕಮ್ಮ," ಎಂದಳು ಜುಸಾರಾ. "ಅದು ಪಾಸಾಗದಿದ್ರೆ ಈ ಕಡೆ ನಾನು ಯಾರೂ ಅಲ್ಲ. ಭಾರಿ ಕಷ್ಟದ ಪರೀಕ್ಷೆ ಅಂತಾರೆ. ಹತ್ತು ಜನ ಬರೆದ್ರೆ ಇಬ್ರು ಪಾಸಾದ್ರೆ ಹೆಚ್ಚಂತೆ."

ಆಗ ನನ್ನ ಬಾಯಿ ಸುಮ್ಮನಿರಬೇಕಿತ್ತು. ಇರಲಿಲ್ಲ. "ಇಲ್ಲಿ ಬಾಗಿಲಲ್ಲಿ ಪರೀಕ್ಷೆ, ಅಲ್ಲಿ ಮುಗಿಸ್ಕೊಂಡು ಬಂದ್ಮೇಲೆ ಪರೀಕ್ಷೆ. ಅಷ್ಟೇ ತಾನೇ ವ್ಯತ್ಯಾಸ? ಈ ಬಾಗಿಲು ನಾಲ್ಕು ಸಲ ನಿನ್ನ ಮುಖಕ್ಕೆ ಬಡಿದಿದೆ. ಐದನೇ ಸಲಕ್ಕೆ ಯಾಕೆ ಮೂಗು ಒಡ್ತೀಯ? ಹೋಗೇ ಆಚೆ. ಸಮುದ್ರ ದಾಟೋದಲ್ವಲ್ಲ, ರಸ್ತೆ ದಾಟೋದು."

ಜುಸಾರಾ ತನಗೆ ತಾನೇ ಹೊಯ್ದುಕೊಂಡು ಕುಡಿದಳು. ಲೋಟ ಖಾಲಿಯಾದ ಮೇಲೆ ಮೆಲ್ಲಗೆ "ಥ್ಯಾಂಕ್ಸ್" ಎಂದಳು. ಎಂಟು ಸುತ್ತು ಕುಡಿಯುವವಳು ಎರಡಕ್ಕೇ ಮುಗಿಸಿದಳು. ಆಚೆಗೇ ಹೋಗುತ್ತಾಳೆ ಎಂದು ಎಲ್ಲರಿಗೂ ತಿಳಿಯಿತು. ದೋನಾ ಎರ್ಸೀಲಿಯಾ ಆಮೇಲೆ ಒಂದು ತಿಂಗಳು ನನ್ನ ಜೊತೆ ಮಾತಾಡಲಿಲ್ಲ.

ಆರು ವರ್ಷ. ಹೇಳುವುದು ಸುಲಭ. ಬೆಳಗ್ಗೆ ಆರರಿಂದ ಹನ್ನೆರಡು ನಮ್ಮ ಕೇಂದ್ರದಲ್ಲಿ, ಒಂದರಿಂದ ಸಂಜೆಯವರೆಗೆ ಆಚೆ ಕಡೆ. ಊಟಕ್ಕೆ ಒಂದು ಚೀಪಾ ರೊಟ್ಟಿ, ಅದೂ ನಡೆಯುತ್ತಲೇ. ಹುಲ್ಲುಪಟ್ಟಿಯ ಮೇಲೆ ನಿಂತು ಈ ಕಡೆಯ ಕೋಟು ಕಳಚಿ ಆ ಕಡೆಯ ಕೋಟು ತೊಡುತ್ತಿದ್ದಳು. ಎರಡೂ ಬಿಳಿಯೇ. ಈ ಕಡೆಯದರ ಜೇಬಿನ ಮೇಲೆ "ಟೆಕ್ನಿಷಿಯನ್" ಎಂದು ಹೊಲಿದಿತ್ತು, ಆ ಕಡೆಯದರ ಮೇಲೆ ಏನೂ ಇರಲಿಲ್ಲ. ಕ್ಲಾಸಿನ ಹುಡುಗ ಹುಡುಗಿಯರೆಲ್ಲ ನಮ್ಮ ದೇಶದವರೇ, ಎಲ್ಲೆಲ್ಲಿಂದಲೋ ಬಂದವರು. ಇವಳನ್ನು "ಆಂಟಿ" ಅನ್ನುತ್ತಿದ್ದರಂತೆ. ಮೊದಲ ಸಲ ರಕ್ತ ನೋಡಿ ಅವರು ತಲೆ ತಿರುಗಿ ಬಿದ್ದಾಗ ನೀರು ಚಿಮುಕಿಸಿ ಎಬ್ಬಿಸಿದ್ದೂ ಈ ಆಂಟಿಯೇ. ಆಚೆಯ ಆಸ್ಪತ್ರೆಯ ವಾರ್ಡಿನಲ್ಲಿ ಹಳ್ಳಿಯವರು ಗ್ವರಾನಿ ಮಾತಾಡಿದರೆ ಹುಡುಗರು ಬಾಯಿ ಬಿಡುತ್ತಿದ್ದರು. ಇವಳಿಗೆ ಅಜ್ಜಿಯ ಗ್ವರಾನಿ ಬಾಯಲ್ಲೇ ಇತ್ತು.

ನಲವತ್ತು ತುಂಬುವ ಹೊತ್ತಿಗೆ ಕೈಗೆ ಡಿಗ್ರಿ ಬಂತು. ಪದವಿಯ ದಿನ ದೋನಾ ಎರ್ಸೀಲಿಯಾ ತಾವೇ ಹೊಲಿದ ನೀಲಿ ಉಡುಪು ಹಾಕಿಕೊಂಡು ನನ್ನ ತೋಳು ಹಿಡಿದು ರಸ್ತೆ ದಾಟಿದರು. ಅತ್ತರು. ಅಳು ಮುಗಿದ ಮೇಲೆ ಮಗಳ ಗಲ್ಲ ಹಿಡಿದು, "ಇನ್ನು ಈ ಕಡೇದೂ ಮುಗಿಸ್ಬಿಡಮ್ಮ, ಕಣ್ತುಂಬ ನೋಡ್ಬಿಟ್ಟು ಹೋಗ್ತೀನಿ," ಎಂದರು.

ಆಚೆಯ ಸರ್ಕಾರ ಡಾಕ್ಟರ್ ಎಂದು ಕಾರ್ಡು ಕೊಟ್ಟಿತು. ಅಲ್ಲಿಯ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ಮಧ್ಯಾಹ್ನದ ಹೊತ್ತು ಕೂತಳು. ರಸ್ತೆಯ ಆ ಕಡೆ ಅವಳ ಮನೆತನದ ಹೆಸರು ಹಿಡಿದು "ದೊತೋರಾ ಬೆನಿಟೆಸ್", ಡಾಕ್ಟರಮ್ಮ ಬೆನಿಟೆಸ್, ಅನ್ನುತ್ತಾ ಹೆಂಗಸರು ಎದ್ದು ನಿಲ್ಲುತ್ತಿದ್ದರು. ಈ ಕಡೆ, "ಏ ಜು, ಹತ್ತಿ ಎಲ್ಲಿಟ್ಟೆ?" ಅಷ್ಟೇ. ಅವಳಿಗೆ ಬೇಕಾದದ್ದು ಈ ಕಡೆಯ ಕುರ್ಚಿ. ತಾನು ಹುಟ್ಟಿದ ಬೀದಿ, ತಾನೇ ಚುಚ್ಚಿ ಬೆಳೆಸಿದ ಮಕ್ಕಳು, ಡಾಕ್ಟರಿಲ್ಲದೆ ವಾಪಸು ಹೋಗುವ ಮುದುಕಿಯರು, ಇವರ ನಡುವೆ. ಆಚೆ ಕಡೆ ಎಷ್ಟು ಜನ ದೊತೋರಾ ಅಂದರೂ ಅವಳ ಕಿವಿ ಈ ಕಡೆಗೇ ಇತ್ತು.

ರೆವಾಲಿದಾ ಎರಡು ಹಂತ. ಬರೆಯುವುದನ್ನು ಮೊದಲ ಸಲಕ್ಕೇ ಪಾಸಾದಳು. ನಾನು ಅವತ್ತು ಇಡೀ ಕೇಂದ್ರಕ್ಕೆ ಸೋಪಾ ಮಾಡಿ ತಂದೆ, ಜೋಳದ ಹಿಟ್ಟು ಚೀಸು ಹಾಕಿದ ಗಟ್ಟಿ ಕೇಕು. ಅದೆಮೀರ್ ನಾಲ್ಕು ತುಂಡು ನುಂಗಿ, "ಜು ಎರಡನೇದೂ ಪಾಸಾಗ್ಲಿ ದೇವ್ರೇ, ಇನ್ನೂ ನಾಲ್ಕು ಸಿಗುತ್ತೆ," ಎಂದ.

ಎರಡನೆಯದು ಮಾಡಿ ತೋರಿಸುವ ಪರೀಕ್ಷೆ. ಕುರಿಚಿಬಾದಲ್ಲಿ, ಬಸ್ಸಿನಲ್ಲಿ ಹದಿನಾರು ಗಂಟೆ. ಅಲ್ಲಿ ಕೋಣೆ ಕೋಣೆಗೂ ಒಬ್ಬ ನಟ ಅಥವಾ ನಟಿ ರೋಗಿಯ ವೇಷದಲ್ಲಿರುತ್ತಾರೆ. ಮೂಲೆಯಲ್ಲಿ ಒಬ್ಬರು ಅಂಕ ಹಾಕುವವರು, ತುಟಿ ಪಿಟಕ್ಕೆನ್ನುವುದಿಲ್ಲ. ಹತ್ತು ನಿಮಿಷಕ್ಕೆ ಗಂಟೆ. ವಾಪಸು ಬಂದ ದಿನ ಜುಸಾರಾ ನೇರ ಕೇಂದ್ರದಲ್ಲಿರುವ ನನ್ನ ಅಡುಗೆಮನೆಗೆ ಬಂದು ಕಾಲುಮಣೆ ಮೇಲೆ ಕೂತಳು.

"ಏನಾಯ್ತೇ?"

"ಮೂರನೇ ಕೋಣೇಲಿ ಒಬ್ಬ ಹೆಂಗಸು ಹೊಟ್ಟೆ ಹಿಡ್ಕೊಂಡು ಮಲಗಿದ್ಲು ಚಿಕ್ಕಮ್ಮ. ನಾನು ಎಲ್ಲ ಕೇಳ್ದೆ. ಬಿಪಿ ನೋಡ್ದೆ, ಹೊಟ್ಟೆ ಮುಟ್ಟಿ ನೋಡ್ದೆ. ಅಪೆಂಡಿಕ್ಸು, ಮುಟ್ಟಿದ ಕೂಡ್ಲೆ ಗೊತ್ತಾಯ್ತು. ಹೊದಿಕೆ ಸರಿ ಮಾಡ್ದೆ, ಹೆದರ್ಕೋಬೇಡಿ ಅಂದೆ, ಎಲ್ಲ ನೀಟಾಗಿ ಬರೆದು ತಟ್ಟೇಲಿಟ್ಟೆ."

"ಮತ್ತೆ ಸರಿಯಾಗೇ ಮಾಡಿದ್ದೀಯಲ್ಲ!"

"ಆಮೇಲೆ ಎರಡು ಹೆಜ್ಜೆ ಹಿಂದೆ ಹೋಗಿ ಗೋಡೆ ಹತ್ರ ನಿಂತ್ಕೊಂಡೆ."

ನನಗೆ ತಕ್ಷಣ ಹೊಳೆಯಲಿಲ್ಲ.

"ಡಾಕ್ಟರ್ ಬರ್ಲಿ ಅಂತ ಕಾಯ್ತಾ ನಿಂತಿದ್ದೆ, ಚಿಕ್ಕಮ್ಮ," ಎಂದಳು. "ಆ ನಟಿ ನನ್ನ ಮುಖಾನೇ ನೋಡ್ತಿದ್ಲು. ಅಂಕ ಹಾಕೋರು ಪೆನ್ನು ಹಿಡ್ಕೊಂಡು ನೋಡ್ತಿದ್ರು. ಇವರ್ಯಾಕೆ ಡಾಕ್ಟರನ್ನ ಕರೀತಿಲ್ಲ ಅಂತ ನಾನು ಯೋಚನೆ ಮಾಡ್ತಿದ್ದೆ. ಗಂಟೆ ಹೊಡೆದ್ಮೇಲೆ ಗೊತ್ತಾಯ್ತು."

ನನ್ನ ಕೈಯಲ್ಲಿದ್ದ ಕಾಫಿ ಪಾತ್ರೆ ಕೆಳಗಿಟ್ಟೆ. ಅಯ್ಯೋ ದೇವರೇ. ಎರಡು ದಶಕ ದಿನಕ್ಕೆ ನಲವತ್ತು ಸಲ ಹಿಂದೆ ಸರಿದ ಕಾಲು, ಅದಕ್ಕೇನು ಗೊತ್ತು ಡಿಗ್ರಿ ಬಂದದ್ದು? ಯಾವ ಹದಿನೆಂಟರ ಹುಡುಗಿಯೂ ಮಾಡದ ತಪ್ಪು, ಯಾವ ಸೋಮಾರಿಯೂ ಮಾಡದ ತಪ್ಪು. ಕೆಲಸ ಬಲ್ಲವಳೇ ಮಾಡುವ ತಪ್ಪು. ಆ ಒಂದು ಕೋಣೆಯ ಅಂಕ ಕೈತಪ್ಪಿ ಅವಳು ಫೇಲಾದಳು.

ಮುಂದಿನ ಸಲಕ್ಕೆ ಅಭ್ಯಾಸ ಮಾಡಿಸಿದವಳು ನಾನೇ. ಕೇಂದ್ರ ಮುಚ್ಚಿದ ಮೇಲೆ ಅಡುಗೆಮನೆಯ ಮೇಜಿನ ಮೇಲೆ ರೋಗಿಯಾಗಿ ಮಲಗುತ್ತಿದ್ದೆ. ಒಂದು ದಿನ ಎದೆನೋವು, ಒಂದು ದಿನ ಬಸುರಿ, ಅರವತ್ತು ದಾಟಿದ ಮೇಲೆ! ಅದೆಮೀರ್ ಅವಳ ಹಿಂದೆ ಪೊರಕೆ ಅಡ್ಡ ಹಿಡಿದು ನಿಲ್ಲುತ್ತಿದ್ದ. ಅವಳು ಹಿಂದೆ ಸರಿದರೆ ಪೊರಕೆ ಬೆನ್ನಿಗೆ ತಾಗಬೇಕು. "ಏಯ್ ಡಾಕ್ಟ್ರೇ, ರಿವರ್ಸ್ ಗೇರ್ ಬಿಡಿ!" ಎಂದು ಕೂಗುತ್ತಿದ್ದ. ನಗುತ್ತಾ ನಗುತ್ತಾ ಅವಳ ಕಣ್ಣಲ್ಲಿ ನೀರು ತುಂಬುತ್ತಿತ್ತು.

ಎರಡನೇ ಸಲ ಅವಳು ಹಿಂದೆ ಸರಿಯಲಿಲ್ಲ. ಸರಿಯಬಾರದು, ಸರಿಯಬಾರದು ಎಂಬ ಒಂದೇ ಯೋಚನೆಯಲ್ಲಿ ಒಬ್ಬ ರೋಗಿಗೆ ಯಾವ ಔಷಧಿ ಒಗ್ಗುವುದಿಲ್ಲ ಎಂದು ಕೇಳುವುದನ್ನೇ ಮರೆತಳು. ಮತ್ತೆ ಹೋಯಿತು. ಅದೇ ವರ್ಷ ಚಳಿಗಾಲದಲ್ಲಿ ದೋನಾ ಎರ್ಸೀಲಿಯಾ ತೀರಿಕೊಂಡರು. ಕಣ್ತುಂಬ ನೋಡಲಿಲ್ಲ. ರಸ್ತೆ ದಾಟು ಎಂದು ಹುರಿದುಂಬಿಸಿದ ನನ್ನ ಬಾಯಿಗೆ ಆ ದಿನ ಮಣ್ಣು ಹಾಕಿಕೊಳ್ಳಬೇಕೆನಿಸಿತು. ಐದನೇ ಸಲ ಬರೆದಿದ್ದರೆ ಏಳು ಅಂಕ ಸಿಕ್ಕೇ ಸಿಗುತ್ತಿತ್ತೋ ಏನೋ, ಯಾರು ಬಲ್ಲರು?

ಈ ವರ್ಷ ಅರ್ಜಿ ಕರೆದಾಗ ಅವಳು ಕಾಗದ ಮುಟ್ಟಲಿಲ್ಲ.

"ಸಾಕು ಚಿಕ್ಕಮ್ಮ. ನಲವತ್ತನಾಲ್ಕಾಯ್ತು. ಆಚೆ ಕಡೆ ಡಾಕ್ಟರಾಗಿದ್ದೀನಲ್ಲ. ಅಲ್ಲೇ ಒಂದು ಮನೆ ನೋಡ್ತೀನಿ. ಅಮ್ಮನೂ ಇಲ್ಲ, ಈ ಕಡೆ ನಂಗೇನಿದೆ?"

"ನಾನಿದ್ದೀನಲ್ಲೇ, ನಾನೇನು ಸತ್ತಿದ್ದೀನಾ?" ಎಂದೆ. ಅಂದದ್ದು ಸಿಟ್ಟಿನಲ್ಲಿ. ಆ ಮಾತಿನ ಹಿಂದೆಯೇ ನನ್ನದೊಂದು ವಿಷಯ ಬಾಯಿಗೆ ಬಂತು. ಕಾರ್ನಿವಲ್ ಹಬ್ಬಕ್ಕೂ ಮುಂಚಿನಿಂದ ಎಡ ಎದೆಯಲ್ಲಿ ಒಂದು ಗಂಟು ಕೈಗೆ ಸಿಗುತ್ತಿತ್ತು. ಯಾರಿಗೂ ಹೇಳಿರಲಿಲ್ಲ. "ಸತ್ತಿಲ್ಲ, ಆದ್ರೆ ಇದೊಂದು ಏನು ಅಂತ ನೋಡ್ಬಿಡು," ಎಂದೆ.

ಹನ್ನೊಂದನೇ ಡಾಕ್ಟರು ಹೋಗಿ ಮೂರು ವಾರವಾಗಿತ್ತು, ಹೊಸಬರು ಬಂದಿರಲಿಲ್ಲ. ಅವಳು ಲಸಿಕೆ ಕೋಣೆಯ ಬಾಗಿಲು ಹಾಕಿ, ಕೈ ತೊಳೆದು, ಅಂಗೈ ಬೆಚ್ಚಗೆ ಮಾಡಿಕೊಂಡು ಮುಟ್ಟಿದಳು. ಒಂದು ಜಾಗದಲ್ಲಿ ಬೆರಳು ನಿಂತಿತು. ಸುತ್ತ ಹೋಯಿತು, ಮತ್ತೆ ಅಲ್ಲಿಗೇ ಬಂತು. ಕಂಕುಳ ನೋಡಿದಳು. ಆಮೇಲೆ ಕೈ ತೆಗೆದು ಎರಡು ಹೆಜ್ಜೆ ಹಿಂದೆ ಹೋಗಿ ನಿಂತಳು.

"ಏನೇ ಅದು?"

"ಹೊಸ ಡಾಕ್ಟರ್ ಬಂದ ತಕ್ಷಣ ತೋರಿಸಿ."

"ನಿನ್ನನ್ನ ಕೇಳ್ತಿರೋದು ನಾನು! ಆರು ವರ್ಷ ಏನು ಕತ್ತೆ ಕಾಯ್ದೆಯಾ ಅಲ್ಲಿ?"

"ಈ ಕಡೆ ನಾನು ಹೇಳೋ ಹಾಗಿಲ್ಲ ಚಿಕ್ಕಮ್ಮ. ಮುಟ್ಟಿದ್ದೇ ತಪ್ಪು. ಗೊತ್ತಾದ್ರೆ ಕೆಲಸ ಹೋಗುತ್ತೆ."

ನಾನು ಸಿಟ್ಟಿನಿಂದ ಗುಂಡಿ ಹಾಕಿಕೊಳ್ಳುತ್ತಿದ್ದೆ, ಮೇಲಿನದು ಕೆಳಗಿನ ತೂತಿಗೆ ಹೋಗುತ್ತಿತ್ತು. ಅವಳೇ ಬಂದು ಹಾಕಿದಳು. ಗೋಡೆಯ ಗಡಿಯಾರ ನೋಡಿದಳು. ಹನ್ನೆರಡು. ತನ್ನ ಕೋಟು ಕಳಚಿ ಮೊಳೆಗೆ ಹಾಕಿ, ನನ್ನ ಕೈ ಹಿಡಿದುಕೊಂಡು, "ಬನ್ನಿ," ಎಂದಳು.

ಮಧ್ಯಾಹ್ನದ ಬಿಸಿಲಿನಲ್ಲಿ ರಸ್ತೆ ದಾಟಿದೆವು. ಸೆಂಟಿನವನು ಕೂಗುತ್ತಿದ್ದ, ಕಂಬಳಿಯವನು ಕೂಗುತ್ತಿದ್ದ, ಮೆಡಿಕಲ್ ಚೀಟಿಯವಳು ನನ್ನ ಕೈಗೂ ಒಂದು ಚೀಟಿ ತುರುಕಿದಳು. ಸಾವಿರ ಸಲ ದಾಟಿದ ರಸ್ತೆ, ಅವತ್ತು ಎಷ್ಟು ನಡೆದರೂ ಮುಗಿಯಲಿಲ್ಲ. ಕ್ಲಿನಿಕ್ಕಿನಲ್ಲಿ ಅವಳು ನನ್ನನ್ನು ಕುರ್ಚಿಯಲ್ಲಿ ಕೂರಿಸಿದಳು. ಇನ್ನೊಂದು ಕೋಟು ತೊಟ್ಟಳು. ಮೇಜಿನ ಆಚೆ ಹೋಗಿ ತಾನೂ ಕೂತಳು. ಅವಳು ರೋಗಿಯ ಎದುರು ಕೂತು ಮಾತಾಡಿದ್ದನ್ನು ನಾನು ಮೊದಲ ಸಲ ನೋಡಿದ್ದು ಆವತ್ತು.

"ದೋನಾ ಝುಲ್ಮಾ," ಎಂದಳು. ಚಿಕ್ಕಮ್ಮ ಅನ್ನಲಿಲ್ಲ. "ಇದು ಒಳ್ಳೆ ಗಂಟಲ್ಲ ಅಂತ ನಂಗೆ ಅನ್ಸುತ್ತೆ. ಆದ್ರೆ ಚಿಕ್ಕದಿದೆ, ಕಂಕುಳಿಗೆ ಹೋಗಿಲ್ಲ. ತೆಗೆಸಿದ್ರೆ ನೀವು ಬದುಕ್ತೀರಿ ಅನ್ನೋ ನಂಬಿಕೆ ನಂಗಿದೆ. ಒಂದು ವಾರವೂ ಸುಮ್ನೆ ಕೂರಬಾರದು. ಏನೇನು ಮಾಡ್ಬೇಕು ಅಂತ ಒಂದೊಂದಾಗಿ ಹೇಳ್ತೀನಿ, ಕೇಳಿಸ್ಕೊಳ್ಳಿ."

"ಆಗ್ಲಿ ಡಾಕ್ಟ್ರೇ," ಎಂದೆ. ಯೋಚಿಸಿ ಅಂದದ್ದಲ್ಲ, ತಾನಾಗಿ ಬಂತು. ಅವಳ ಪೆನ್ನು ಒಂದು ಕ್ಷಣ ನಿಂತು ಮತ್ತೆ ಓಡಿತು. ಎರಡು ಪುಟ ಬರೆದು, ಸಹಿ ಹಾಕಿ, ಮೊಹರು ಒತ್ತಿ ಕೊಟ್ಟಳು.

ಆಚೆಯ ಕಾಗದಕ್ಕೆ ಈಚೆಯ ಆಸ್ಪತ್ರೆಯಲ್ಲಿ ಬೆಲೆಯಿಲ್ಲ. ನನ್ನ ಪುಣ್ಯ, ಮುಂದಿನ ಸೋಮವಾರವೇ ಹನ್ನೆರಡನೇ ಡಾಕ್ಟರು ಬಂದಳು. ತಾಲಿತಾ ಎಂದು ಹೆಸರು, ಇಪ್ಪತ್ತಾರು ವಯಸ್ಸು, ದೊಡ್ಡೂರಿನ ಹುಡುಗಿ. ಕಾಗದ ಓದಿದಳು, ನನ್ನನ್ನು ಮುಟ್ಟಿ ನೋಡಿದಳು, ಅವತ್ತೇ ದೊರಾದೋಸ್‌ಗೆ ತುರ್ತು ಎಂದು ಬರೆದಳು. ಅದೆಮೀರ್ ಆಂಬುಲೆನ್ಸಿನಲ್ಲಿ ಕರೆದುಕೊಂಡು ಹೋದ. ದಾರಿಯುದ್ದಕ್ಕೂ ಒಂದೂ ತಮಾಷೆ ಮಾಡಲಿಲ್ಲ, ಅದರಿಂದಲೇ ನನಗೆ ಹೆಚ್ಚು ಹೆದರಿಕೆಯಾಯಿತು. ತೆಗೆದರು. ಐದು ವಾರಕ್ಕೆ ವಾಪಸು ಬಂದೆ. ಮರುದಿನ ಬೆಳಗ್ಗೆ ಪಟ್ಟಿ ಬದಲಾಯಿಸಲು ಡಾಕ್ಟರ ಕೋಣೆಗೆ ಹೋದೆ. ಅವತ್ತು ಬುಧವಾರ. ರೆವಾಲಿದಾ ಅರ್ಜಿಗೆ ಶುಕ್ರವಾರ ಕಡೇ ದಿನ. ಜುಸಾರಾ ಅರ್ಜಿ ಹಾಕಿಲ್ಲವೆಂದು ಅದೆಮೀರ್ ವಾಪಸು ಕರೆತರುವ ದಾರಿಯಲ್ಲೇ ಹೇಳಿದ್ದ.

ಅವಳು ಪಟ್ಟಿ ಬಿಚ್ಚಿ, ಗಾಯ ಒರೆಸಿ, ತಟ್ಟೆ ಹಿಡಿದು ಗೋಡೆಯ ಹತ್ತಿರ ನಿಂತಳು. ಡಾಕ್ಟರ್ ತಾಲಿತಾ ಹೊಲಿಗೆ ನೋಡಿ, ದೊರಾದೋಸ್‌ನ ವರದಿ ಓದಿ, ಮುಖ ಅರಳಿಸಿಕೊಂಡು ಕುರ್ಚಿಗೆ ಒರಗಿದಳು. ಗಂಟು ಪೂರ್ತಿ ಹೊರಬಂದಿದೆಯಂತೆ, ಎಲ್ಲೂ ಹರಡಿಲ್ಲವಂತೆ. ಫೈಲಿನ ಹಾಳೆ ತಿರುಗಿಸುವಾಗ ಆಚೆಯ ಆ ಎರಡು ಪುಟ ಅವಳ ಕೈಗೆ ಸಿಕ್ಕವು.

"ದೋನಾ ಝುಲ್ಮಾ, ಇದನ್ನ ಬರೆದೋರು ಯಾರು? ಡಾಕ್ಟರ್ ಜೆ. ಬೆನಿಟೆಸ್ ಅಂತಿದೆ."

ಹೊಸಬಳು. ಅವಳಿಗೆ ಇವಳು ಬರೀ ಜು, ಪೂರ್ತಿ ಹೆಸರು ಕೇಳಿಯೇ ಇರಲಿಲ್ಲ.

"ಆಚೆ ಕಡೆಯೋರು," ಎಂದೆ.

"ನಮ್ಮ ಕಾಲೇಜಲ್ಲಿ ಆಚೆ ಕಡೆ ಡಾಕ್ಟರ್ ಅಂದ್ರೆ ನಗ್ತಿದ್ವಿ. ನಾನೂ ನಕ್ಕಿದ್ದೀನಿ," ಎಂದಳು ತಾಲಿತಾ. "ಬರೀ ಕೈಯಲ್ಲಿ ಮುಟ್ಟಿ ಅಳತೆ ಬರೆದಿದ್ದಾರೆ ನೋಡಿ, ಆಪರೇಷನ್ ವರದೀಲೂ ಅದೇ ಅಳತೆ ಬಂದಿದೆ. ನನ್ನ ಕೈಲಿ ಆಗ್ತಿರ್ಲಿಲ್ಲ. ನಿಮ್ಮ ಜೀವ ಉಳಿಸಿದ್ದು ಅವರು, ನಾನಲ್ಲ. ಮತ್ತೆ ಸಿಕ್ಕಿದ್ರೆ ಆ ಡಾಕ್ಟರಿಗೆ ನನ್ನ ಕಡೆಯಿಂದ ಒಂದು ಥ್ಯಾಂಕ್ಸ್ ಹೇಳಿ."

ನನ್ನ ಬಾಯಿ! ಅರವತ್ತೆರಡು ವರ್ಷದಲ್ಲಿ ಯಾವತ್ತೂ ನನ್ನ ಮಾತು ಕೇಳದ ಬಾಯಿ. ನಾಲಿಗೆ ತುದಿಗೇ ಬಂದಿತ್ತು. ಅಗೋ, ನಿನ್ನ ಬೆನ್ನ ಹಿಂದೆ ತಟ್ಟೆ ಹಿಡಿದು ನಿಂತಿದ್ದಾಳಲ್ಲ, ಅವಳೇ ಕಣಮ್ಮ! ತಲೆ ಎತ್ತಿದೆ. ಜುಸಾರಾ ಕಂಡೂ ಕಾಣದ ಹಾಗೆ ತಲೆ ಅಡ್ಡ ಆಡಿಸಿದಳು. ಲಸಿಕೆ ಕೋಣೆಯಲ್ಲಿ ಮುಟ್ಟಿದ್ದು ಹೊರಬಿದ್ದರೆ ಆ ಗೋಡೆಯ ಜಾಗವೂ ಅವಳಿಗೆ ಉಳಿಯುವುದಿಲ್ಲ.

"ಹೇಳ್ತೀನಿ ಡಾಕ್ಟ್ರೇ," ಎಂದು ಎದ್ದೆ.

ಅಡುಗೆಮನೆಗೆ ಬಂದು ಕಾಫಿ ಪಾತ್ರೆಯ ಮುಚ್ಚಳ ದಡಾರನೆ ಎತ್ತಿಹಾಕಿದೆ. ಹಿಂದೆಯೇ ಜುಸಾರಾ ಬಂದಳು. ಬಾಗಿಲು ಮುಂದೆ ಮಾಡಿ, ತೊಳೆದ ತಟ್ಟೆಯನ್ನು ಬಟ್ಟೆಯಿಂದ ಒರೆಸುತ್ತಾ ನಿಂತಳು.

"ಚಿಕ್ಕಮ್ಮ, ಅವರು ಏನಂದ್ರು?"

"ಏನಂದ್ರು ಅಂದ್ರೆ? ನೀನು ಅಲ್ಲೇ ಇದ್ದೆಯಲ್ಲೇ, ಕಿವಿ ಕೇಳಿಸ್ಲಿಲ್ವಾ?"

"ಕೇಳಿಸ್ತು. ನೀವು ಹೇಳಿ."

ಹೇಳಿದೆ. ಅಳತೆ ಸರಿ ಬಂದದ್ದು, ನನ್ನ ಕೈಲಿ ಆಗ್ತಿರಲಿಲ್ಲ ಎಂದದ್ದು, ಜೀವ ಉಳಿಸಿದ್ದು ಅವರು ಎಂದದ್ದು, ಎಲ್ಲ. ತಲೆ ತಗ್ಗಿಸಿಕೊಂಡು ಕೇಳಿದಳು. ತಟ್ಟೆ ಒಣಗಿ ಎಷ್ಟೋ ಹೊತ್ತಾಗಿತ್ತು, ಒರೆಸುತ್ತಲೇ ಇದ್ದಳು.

"ಆ ಡಾಕ್ಟರಿಗೆ ಅಂತಾನೇ ಅಂದ್ರಾ? ಡಾಕ್ಟರ್ ಅಂತ?"

"ಹೂಂ ಕಣೇ. ಡಾಕ್ಟರ್ ಅಂತಾನೇ ಅಂದ್ಲು."

"ಈ ಕಡೆಯ ಕೋಣೇಲಿ ಕೂತ್ಕೊಂಡು."

"ಈ ಕಡೆಯ ಕೋಣೇಲಿ, ಆ ಕುರ್ಚೀಲಿ ಕೂತ್ಕೊಂಡು."

ತಟ್ಟೆ ಕೆಳಗಿಟ್ಟಳು. ಆಮೇಲೆ, "ಅರ್ಜಿಗೆ ಹೊಸ ಫೋಟೋ ಬೇಕಂತೆ. ನಾಳೆ ಮಧ್ಯಾಹ್ನ ತೆಗೆಸ್ಕೊಂಡು ಬರ್ತೀನಿ," ಎಂದಳು.

"ಮೊದ್ಲು ಮುಖ ತೊಳ್ಕೊ. ಈ ಮುಖಕ್ಕೆ ಕ್ಯಾಮೆರಾ ಒಡೆದುಹೋಗುತ್ತೆ," ಎಂದೆ. ನನ್ನ ಮುಖವೂ ಹಾಗೆಯೇ ಇತ್ತು.

ಅವಳು ಮುಖ ತೊಳೆಯಲು ಹೋಗಲಿಲ್ಲ. ಕಾಲುಮಣೆ ಎಳೆದುಕೊಂಡು ನನ್ನೆದುರು ಕೂತಳು.

"ಇನ್ನೊಂದು ಸಲ ಹೇಳಿ ಚಿಕ್ಕಮ್ಮ," ಎಂದಳು. "ಮೊದಲಿಂದ."